‘ಖಂಡಿತ ಬರ್ತೀನಿ ಸರ್’ ಎಂದವರ ಪಾದಾರವಿಂದಗಳಿಗೆ

ಸನ್ಮಾನ್ಯರೂ, ರಾತ್ರಿ ಎರಡಕ್ಕೆ ಫೋನ್ ಬಂದರೂ ಬೈಯದೆ ‘ಹಲೋ’ ಎನ್ನುವ ಸ್ಥಿತಪ್ರಜ್ಞರೂ, ಈ ಮಹಾನಗರದ ಸಮಸ್ತ ಸರ್ವರುಗಳ ಯೋಗಕ್ಷೇಮ ಹೊತ್ತವರೂ ಆದ ಸಿಸ್ಟಂ ಅಡ್ಮಿನ್ ಮಹಾಶಯರ ಸನ್ನಿಧಾನಕ್ಕೆ, ಬೆಂಗಳೂರಿನಲ್ಲಿ ತಮ್ಮಂಥವರ ಕೂಟವನ್ನು ತಿಂಗಳಿಗೊಂದು ಶನಿವಾರ ಸೇರಿಸುವ ಈ ಸಂಚಾಲಕ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾನು, ನನ್ನ ಹೆಂಡತಿ, ಹೋದ ಕೂಟದಲ್ಲಿ ಮಿಕ್ಕ ಇಡ್ಲಿಗಳು, ಎಲ್ಲರೂ ಕ್ಷೇಮ. ತಾವೂ ಕ್ಷೇಮವೆಂದೇ ನಂಬಿದ್ದೇನೆ. ಬರುತ್ತೇನೆಂದು ಹೇಳಿ ಬಾರದೆ ಹೋದವರ ಬಗ್ಗೆ ಬೇರೆ ಏನನ್ನು ಊಹಿಸಿದರೂ ಅಪಶಕುನವಾದೀತು.

ಮೊದಲು ತಮ್ಮ ಹೆಬ್ಬೆರಳಿಗೆ ಕೃತಜ್ಞತೆ ಸಲ್ಲಬೇಕು. ಮುಂದಿನ ಕೂಟ ಇಂಥ ಶನಿವಾರ, ಇಂಥ ಕಡೆ, ಎಪ್ಪತ್ತು ಜನಕ್ಕೆ ಜಾಗ ಎಂದು ಸುದ್ದಿ ಹಾಕಿ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ತಾವು ‘ಬರುತ್ತೇನೆ’ ಗುಂಡಿ ಒತ್ತಿ ಆಗಿರುತ್ತದೆ. ವಿಷಯ ಏನೆಂದು ಓದಿರುವುದಿಲ್ಲ, ಜಾಗ ಎಲ್ಲೆಂದು ನೋಡಿರುವುದಿಲ್ಲ, ಅದೇ ಶನಿವಾರ ಭಾವಮೈದುನನ ಗೃಹಪ್ರವೇಶ ಇರುವುದೂ ನೆನಪಿರುವುದಿಲ್ಲ. ಒತ್ತುವುದಷ್ಟೇ ತಮ್ಮ ಅಧಿಕಾರ. ಫಲದ ಚಿಂತೆ ನನಗೆ ಬಿಟ್ಟಿದ್ದು. ಎಪ್ಪತ್ತೂ ಭರ್ತಿಯಾದ ಮೇಲೆ ಕಾಯುವವರ ಪಟ್ಟಿ ಬೆಳೆಯುತ್ತದೆ. ಪೀಣ್ಯದ ಕಾರ್ಖಾನೆಯೊಂದರ ನೆಟ್‌ವರ್ಕನ್ನು ಒಬ್ಬನೇ ನೋಡಿಕೊಳ್ಳುವ ಹುಡುಗ ಅದರಲ್ಲಿರುತ್ತಾನೆ. ‘ಸರ್, ಒಂದು ಸೀಟ್ ಆಗತ್ತಾ? ನಿಂತ್ಕೊಂಡಾದ್ರೂ ಕೇಳ್ತೀನಿ’ ಎಂದು ಬರೆಯುತ್ತಾನೆ. ಭರ್ತಿಯಾಗಿದೆಯಪ್ಪ, ದೊಡ್ಡವರೆಲ್ಲ ಬರುತ್ತಿದ್ದಾರೆ ಎಂದು ಅವನನ್ನು ಸಮಾಧಾನ ಮಾಡುತ್ತೇನೆ. ಶನಿವಾರ ಹತ್ತು ಗಂಟೆಗೆ ಸಭಾಂಗಣದಲ್ಲಿ ಯಾರ್ಯಾರಿರುತ್ತಾರೆಂದರೆ: ಮಾತಾಡುವವರು, ಅವರನ್ನು ಕಾರಿನಲ್ಲಿ ಕರೆತಂದ ಸಹೋದ್ಯೋಗಿ, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಎಂಜಿನಿಯರಿಂಗ್ ಹುಡುಗರು, ಸರ್ಕಾರಿ ಇಲಾಖೆಯ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರು, ನಾನು. ಉಳಿದ ಕುರ್ಚಿಗಳನ್ನು ತಮ್ಮ ದಿವ್ಯ ಅನುಪಸ್ಥಿತಿ ಅಲಂಕರಿಸಿರುತ್ತದೆ.

ಕಚೇರಿಯಲ್ಲಿ ತಾವು ‘ಮೂರು ಒಂಬತ್ತು’, ‘ನಾಲ್ಕು ಒಂಬತ್ತು’ ಎಂದು ಲೆಕ್ಕ ಹೇಳುವವರು. ಶೇ 99.9 ಎಂದರೆ ಸರ್ವರ್ ವರ್ಷವಿಡೀ ಸೇರಿ ಎಂಟೂಮುಕ್ಕಾಲು ಗಂಟೆಗಿಂತ ಹೆಚ್ಚು ಮಲಗುವಂತಿಲ್ಲ ಎಂದು ನನ್ನ ತಲೆಗೆ ತುಂಬಿದವರೂ ತಾವೇ. ಅದೇ ಭಕ್ತಿಯಿಂದ ಕೂಟದಲ್ಲಿ ತಮ್ಮ ಹಾಜರಿಯ ಶೇಕಡಾವಾರು ತೆಗೆಯಲು ಕೂತೆ. ಒಂಬತ್ತು ಎಂಬ ಅಂಕಿಯೇ ಎಲ್ಲೂ ಕಾಣಿಸಲಿಲ್ಲ. ತಮ್ಮ ಗೌರವಕ್ಕೆ ಕುಂದು ಬರಬಾರದೆಂದು ಲೆಕ್ಕವನ್ನು ಅಲ್ಲಿಗೇ ಕೈಬಿಟ್ಟೆ.

ತಮ್ಮ ದಯೆಯಿಂದ ನಾನು ಕರ್ನಲ್ಲಿನ ಒಂದು ವಿದ್ಯೆ ಕಲಿತಿದ್ದೇನೆ. ಲಿನಕ್ಸ್ ತನ್ನಲ್ಲಿ ಇಲ್ಲದಷ್ಟು ಮೆಮೊರಿಯನ್ನೂ ಕೇಳಿದ ಪ್ರೋಗ್ರಾಮುಗಳಿಗೆಲ್ಲ ‘ತಗೋ’ ಎಂದು ಬಿಡುತ್ತದಲ್ಲವೇ? ಕೇಳಿದವರೆಲ್ಲ ಕೇಳಿದಷ್ಟನ್ನೂ ಒಟ್ಟಿಗೇ ಬಳಸುವುದಿಲ್ಲ ಎಂಬ ಧೈರ್ಯ ಅದಕ್ಕೆ. ಎಪ್ಪತ್ತು ಜನ ಒತ್ತಿದರೆ ಮೂವತ್ತು ತಟ್ಟೆ ಇಡ್ಲಿ-ವಡೆ ಹೇಳುವುದು ನನ್ನ ಓವರ್‌ಕಮಿಟ್. ಈ ಸೂತ್ರ ಚೆನ್ನಾಗಿಯೇ ನಡೆದಿತ್ತು, 2024ರ ಜುಲೈ ಬರುವವರೆಗೆ. ಆ ತಿಂಗಳ 19ನೇ ತಾರೀಕು, ಶುಕ್ರವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಸಣ್ಣ ಫೈಲು ಲೋಕಸಂಚಾರಕ್ಕೆ ಹೊರಟಿತು. ಮೈಕ್ರೋಸಾಫ್ಟ್ ಹೇಳಿದ ಲೆಕ್ಕದ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಬಣ್ಣಕ್ಕೆ ತಿರುಗಿದವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ತಾವು ಒಂದೊಂದೇ ಯಂತ್ರದ ಮುಂದೆ ಕೂತು, 48 ಅಂಕಿಯ ಬಿಟ್‌ಲಾಕರ್ ಕೀಯನ್ನು ಕೈಯಲ್ಲಿ ಹೊಡೆದು, ಸೇಫ್ ಮೋಡಿಗೆ ಹೋಗಿ, ಆ ಒಂದು ಫೈಲನ್ನು ಅಳಿಸಿ, ಮುಂದಿನ ಯಂತ್ರಕ್ಕೆ ಸರಿದಿರಿ. ಅದಾಗಿ ಸರಿಯಾಗಿ ಒಂದು ವಾರಕ್ಕೆ, 26ರ ಶುಕ್ರವಾರ, ಸಿಸ್ಟಂ ಅಡ್ಮಿನ್‌ಗಳಿಗೆ ಕೃತಜ್ಞತೆ ಹೇಳುವ ದಿನ. ಮಾರನೇ ದಿನ ನಮ್ಮ ಕೂಟ.

ಆವತ್ತು ಒತ್ತಿದವರೆಲ್ಲರೂ ಬಂದಿರಿ. ಒತ್ತದವರನ್ನೂ ಕರೆತಂದಿರಿ. ಕುರ್ಚಿ ಸಾಲದೆ ಕಿಟಕಿಕಟ್ಟೆ ಏರಿದಿರಿ. ಒಬ್ಬೊಬ್ಬರ ಕಣ್ಣ ಕೆಳಗೂ ಕಪ್ಪು, ಒಬ್ಬೊಬ್ಬರ ಹತ್ತಿರವೂ ಮುಗಿಯದ ಕಥೆ. ಮೆಮೊರಿ ಮುಗಿದಾಗ ಕರ್ನಲ್ ಒಓಎಂ ಕಿಲ್ಲರನ್ನು ಎಬ್ಬಿಸಿ ಯಾರನ್ನಾದರೂ ಒಬ್ಬರನ್ನು ಕೊಲ್ಲುತ್ತದೆ. ಮೂವತ್ತು ತಟ್ಟೆ ಮುಗಿದಾಗ ಎದ್ದವರು ತಾವು, ಬಲಿಯಾದವನು ನಾನು. ‘ಇಷ್ಟು ಜನ ಬರ್ತಾರೆ ಅಂತ ಗೊತ್ತಿತ್ತಲ್ಲ ಸರ್, ಪ್ಲಾನಿಂಗ್ ಸರಿಯಿಲ್ಲ’ ಎಂದು, ಬಾಯಲ್ಲಿ ಕೊನೆಯ ವಡೆ ಇಟ್ಟುಕೊಂಡೇ, ತಾವು ನೀಡಿದ ಮಾರ್ಗದರ್ಶನವನ್ನು ಎದೆಯಲ್ಲಿ ಇಟ್ಟುಕೊಂಡಿದ್ದೇನೆ. ಮುಂದಿನ ತಿಂಗಳು ಅದೇ ಮಾರ್ಗದರ್ಶನದಂತೆ ಎಪ್ಪತ್ತು ತಟ್ಟೆ ಹೇಳಿದೆ. ಆ ಇಡ್ಲಿಗಳ ಗತಿಯೂ ಮೇಲೆ ತಿಳಿಸಿದ ಇಡ್ಲಿಗಳದ್ದೇ ಆಯಿತು.

ಕಾನೂನು ಪಾಲನೆಯಲ್ಲಿ ತಮಗೆ ಸಮಾನರಿಲ್ಲ. ಸೈಬರ್ ಅವಘಡವಾದರೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು, ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿದಾಗ ತಾವು ಗೊಣಗಿದರೂ ಮಾಡಿ ಮುಗಿಸಿದಿರಿ. ನನ್ನದೊಂದು ಕ್ಷುದ್ರ ವಿನಂತಿ. ತಾವು ಬರುವುದಿಲ್ಲ ಎಂಬ ಅವಘಡವನ್ನೂ ಆರು ಗಂಟೆ ಮುಂಚೆ ವರದಿ ಮಾಡುವ ಕೃಪೆ ತೋರಿದರೆ ಪೀಣ್ಯದ ಆ ಹುಡುಗ ಬಸ್ಸು ಹತ್ತಬಹುದು. ಇನ್ನು ಗಡಿಯಾರದ ವಿಷಯ. ತಮ್ಮ ಸರ್ವರುಗಳು ಮಿಲಿಸೆಕೆಂಡೂ ತಪ್ಪದೆ ನಡೆಯುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ತಮ್ಮ ಸ್ವಂತ ಗಡಿಯಾರದಲ್ಲಿ ಮಾತ್ರ ಹತ್ತು ಗಂಟೆ ಎನ್ನುವುದು ಹನ್ನೊಂದೂಕಾಲಿಗೆ ಆಗುತ್ತದೆ.

ಹನ್ನೊಂದೂಕಾಲಿಗೆ ತಾವು ಗೇಟಿನಿಂದ ಫೋನ್ ಮಾಡುತ್ತೀರಿ. ‘ಸರ್, ಬಿಡ್ತಾ ಇಲ್ಲ.’ ಬಿಡುವುದಾದರೂ ಹೇಗೆ? ನಮಗೆ ಪುಕ್ಕಟೆ ಜಾಗ ಕೊಡುವುದು ಯಾವುದೋ ಕಂಪನಿ. ಬರುವವರ ಹೆಸರಿನ ಪಟ್ಟಿಯನ್ನು ಅವರಿಗೆ ಗುರುವಾರವೇ ಕಳಿಸಬೇಕು. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಬೇಕು, ಲ್ಯಾಪ್‌ಟಾಪಿನ ಸೀರಿಯಲ್ ನಂಬರು ಪುಸ್ತಕದಲ್ಲಿ ಬರೆಸಬೇಕು, ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸಿಕೊಳ್ಳಬೇಕು. ತಾವೋ, ಹೆಸರು ಕೇಳಿದ ಜಾಗದಲ್ಲಿ ಕಾವ್ಯ ಮಾಡಿರುತ್ತೀರಿ. ಒಂದು ಸಲ ನಾನು ಕೆಳಗಿಳಿದು ಹೋದಾಗ ಸೆಕ್ಯುರಿಟಿಯಣ್ಣ ಪಟ್ಟಿಯ ಮೇಲೆ ಬೆರಳಿಟ್ಟು ಕೂತಿದ್ದರು. ನಿಷ್ಠಾವಂತ ಮನುಷ್ಯ, ಹಾಸನದ ಕಡೆಯವರು.

‘ಸಾರ್, ಈ ರೂಟು ಅನ್ನೋರು ಯಾರು?’

‘ಯಾಕಣ್ಣ?’

‘ನಾಲ್ಕು ಜನ ಅವ್ರೆ ಸಾರ್ ಆ ಹೆಸ್ರಲ್ಲಿ. ಅಣ್ಣತಮ್ಮಂದಿರಾ?’

ಅವರಿಗೆ ನಾನೇನು ಹೇಳಲಿ? ರೂಟ್ ಎಂದರೆ ಎಲ್ಲ ಬಾಗಿಲೂ ತೆರೆಯುವ ಅಧಿಕಾರ ಉಳ್ಳವರು ಎಂದು ವಿವರಿಸಿದೆ. ಅವರು ಪಕ್ಕದಲ್ಲಿ ನಿಂತಿದ್ದ ತಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಆಧಾರ್ ಕಾರ್ಡ್ ತೋರ್ಸಿ’ ಎಂದರು. ಆಧಾರ್ ತಮ್ಮ ಫೋನಿನಲ್ಲಿತ್ತು. ಫೋನಿನ ಚಾರ್ಜು ಮುಗಿದಿತ್ತು. ಮೇಲೆ ಮಾತಾಡುತ್ತಿದ್ದವರ ಮೂರನೇ ಸ್ಲೈಡಿನಲ್ಲಿ ಪ್ರೊಜೆಕ್ಟರ್ ಆರಿಹೋಗಿ, ನಾನು ಎಲ್ಲಿ ಎಂದು ಎಲ್ಲರೂ ಹುಡುಕುತ್ತಿದ್ದರಂತೆ. ಇಂಥ ಸೇವಾಭಾಗ್ಯ ಎಷ್ಟು ಸಂಚಾಲಕರಿಗೆ ಸಿಕ್ಕೀತು?

ಜಾಗದ ಬಗ್ಗೆ ತಮ್ಮ ಅಭಿರುಚಿ ಸೂಕ್ಷ್ಮವಾದದ್ದು. ವೈಟ್‌ಫೀಲ್ಡಿನಲ್ಲಿ ಮಾಡಿದರೆ ಜಯನಗರದವರಾಗಿರುತ್ತೀರಿ, ಜಯನಗರದಲ್ಲಿ ಮಾಡಿದರೆ ಹೆಬ್ಬಾಳದವರಾಗುತ್ತೀರಿ. ಎಲೆಕ್ಟ್ರಾನಿಕ್ ಸಿಟಿ ಎಂದರೆ ‘ಸಿಲ್ಕ್ ಬೋರ್ಡ್ ದಾಟಬೇಕಲ್ಲ ಸರ್’ ಎಂದು ನಿಟ್ಟುಸಿರು ಬಿಡುತ್ತಿದ್ದಿರಿ. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾದಾಗ ಆ ನೆಪವೂ ತಪ್ಪಿತೆಂದು ಹಿಗ್ಗಿ ಹೀರೇಕಾಯಿಯಾದೆ. ಈಗ ‘ಸ್ಟೇಷನ್ನಿಂದ ಆಟೋ ಸಿಗಲ್ಲ’ ಎಂದು ಅಪ್ಪಣೆಯಾಗಿದೆ. ಸಿಗುವ ದಿನ ಬಂದರೆ ಮಳೆ ಬರುತ್ತದೆ ಬಿಡಿ.

ತಾವು ಬಾರದ ಕೊರತೆಯನ್ನು ತುಂಬಲು ತಾವೇ ಸೂಚಿಸಿದ ಉಪಾಯವನ್ನು ಮರೆತಿಲ್ಲ: ‘ರೆಕಾರ್ಡಿಂಗ್ ಹಾಕಿ ಸರ್, ಆಮೇಲೆ ನೋಡ್ಕೋತೀವಿ.’ ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಮಾತಾಡುವ ಅಪ್ಪಣೆ ಬೇಡುತ್ತೇನೆ. ಒಮ್ಮೆ ಬ್ಯಾಕಪ್ ಬಗ್ಗೆ ಕೂಟವಿತ್ತು. ಮುಖ್ಯ ಭಾಷಣ ಮುಗಿದ ಮೇಲೆ, ಕಾಫಿ ಫ್ಲಾಸ್ಕಿನ ಪಕ್ಕ ನಿಂತಿದ್ದ ತುಮಕೂರು ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಸಣ್ಣ ಕಂಪನಿಯೊಂದರ ಏಕೈಕ ಅಡ್ಮಿನ್. ಇಂಗ್ಲಿಷಿನಲ್ಲೇ ಶುರುಮಾಡಿದಳು. ದಿನಾ ರಾತ್ರಿ ಡೇಟಾಬೇಸನ್ನು ಡಂಪ್ ಮಾಡಿ, ಪೈಪಿನಲ್ಲಿ ಜಿಜಿಪ್‌ಗೆ ಕೊಟ್ಟು ಫೈಲು ಮಾಡುವ ಸ್ಕ್ರಿಪ್ಟು. ಪ್ರತಿ ಬೆಳಿಗ್ಗೆ ‘ಬ್ಯಾಕಪ್ ಸಕ್ಸೆಸ್’ ಎಂದು ಮೇಲ್ ಬರುತ್ತಿತ್ತು. ಒಂದು ದಿನ ಡಿಸ್ಕ್ ಹೋಯಿತು. ಅಲ್ಲಿಂದ ಮುಂದೆ ಅವಳ ಭಾಷೆ ತಾನೇ ಕನ್ನಡಕ್ಕೆ ಜಾರಿತು. ‘ಫೈಲು ತೆಗೆದ್ ನೋಡ್ತೀನಿ, ಇಪ್ಪತ್ತ್ ಬೈಟು. ಹಿಂದಿನ್ ದಿನದ್ದು ನೋಡ್ತೀನಿ, ಅದೂ ಇಪ್ಪತ್ತು. ಅದರ ಹಿಂದಿನ್ ದಿನದ್ದೂ ಇಪ್ಪತ್ತೇ. ಎದೆ ಧಸಕ್ಕಂತು.’ ಯಾರೋ ಎಂದೋ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದರು. ಡಂಪ್ ಸೋಲುತ್ತಿತ್ತು. ಆದರೆ ಪೈಪಿನ ಕೊನೆಯಲ್ಲಿದ್ದ ಜಿಜಿಪ್ ಮಾತ್ರ ಶೂನ್ಯವನ್ನು ಶ್ರದ್ಧೆಯಿಂದ ಅದುಮಿ ಇಪ್ಪತ್ತು ಬೈಟಿನ ಫೈಲು ಕಟ್ಟಿ ‘ನನ್ನ ಕೆಲಸ ಆಯ್ತು’ ಎನ್ನುತ್ತಿತ್ತು. ಪೈಪಿನ ಕೊನೆಯವನು ಗೆದ್ದರೆ ಸ್ಕ್ರಿಪ್ಟೂ ಗೆದ್ದಂತೆ. ಪೈಪ್‌ಫೇಲ್ ಎಂಬ ಒಂದು ಸಾಲು ಹಾಕದಿದ್ದರೆ ಶೆಲ್ ಬೇರೇನನ್ನೂ ಕೇಳುವುದಿಲ್ಲ. ಅವಳು ಹೇಳುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪುಗಳು ಒಂದೊಂದಾಗಿ ತೆರೆದುಕೊಂಡವು. ಒಬ್ಬರು ಫೋನ್ ಹಿಡಿದು ಹೊರಗೆ ಓಡಿದರು. ನಿವೃತ್ತ ಹಿರಿಯರು ತಣ್ಣಗೆ, ‘ನಮ್ಮ ಕಾಲದಲ್ಲಿ ಟೇಪಿಗೂ ಹಿಂಗೇ ಆಗ್ತಿತ್ತಮ್ಮ’ ಎಂದರು.

ಸೋಮವಾರ ಬೆಳಿಗ್ಗೆ ತಮ್ಮಿಂದ ಸಂದೇಶ: ‘ರೆಕಾರ್ಡಿಂಗ್ ಲಿಂಕ್ ಪ್ಲೀಸ್.’

ಮಹಾಸ್ವಾಮಿ, ಕ್ಯಾಮೆರಾ ಇದ್ದಿದ್ದರೆ ಆ ಹುಡುಗಿ ಕೈಯನ್ನೇ ಎತ್ತುತ್ತಿರಲಿಲ್ಲ. ಎತ್ತಿದ್ದರೂ ‘ಎ ಮೈನರ್ ಇನ್ಸಿಡೆಂಟ್’ ಎಂದು ಮುಗಿಸುತ್ತಿದ್ದಳು. ಗಿಟ್‌ಲ್ಯಾಬ್ ಕಂಪನಿಯವರು ಬೇರೆ ಜಾತಿಯವರು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರೊಬ್ಬರು ಎರಡನೇ ಸರ್ವರಿನಲ್ಲಿದ್ದೇನೆ ಎಂದುಕೊಂಡು ಮೊದಲನೇ ಸರ್ವರಿನ ಡೇಟಾ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ. ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗೆ ಕೈಗೆ ಸಿಗಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಮಾನ ಉಳಿಸಿತು. ಅವರು ಈ ಪಾಡನ್ನೆಲ್ಲ ಯೂಟ್ಯೂಬಿನಲ್ಲಿ ನೇರವಾಗಿ ಜಗತ್ತಿಗೆ ತೋರಿಸುತ್ತ ಸರಿಪಡಿಸಿದರು. ತಮ್ಮ ಕಂಪನಿಯ ಲೀಗಲ್ ವಿಭಾಗದವರು ಇದಕ್ಕೆ ಒಪ್ಪುವ ದಿನ ನನಗೆ ಹೇಳಿಕಳಿಸಿ, ಕ್ಯಾಮೆರಾದ ಬಾಡಿಗೆ ನನ್ನದು. ಅಲ್ಲಿಯವರೆಗೆ ಇಂಥ ವಿದ್ಯೆ ಬಾಗಿಲು ಮುಚ್ಚಿದ ಕೋಣೆಯಲ್ಲೇ, ಎದುರಿಗೆ ಕೂತವರಿಗೆ ಮಾತ್ರ ಸಿಗುತ್ತದೆ. ಇದನ್ನು ತಮ್ಮ ಗಮನಕ್ಕೆ ತರುವ ಧಾರ್ಷ್ಟ್ಯವನ್ನು ಮನ್ನಿಸಬೇಕು. ಒಂದೆರಡು ಸಲ ಭಾಷಣಗಳನ್ನು ರೆಕಾರ್ಡ್ ಮಾಡಿ ಹಾಕಿದ್ದೂ ಉಂಟು. ನೋಡಿದವರಲ್ಲಿ ಭಾಷಣಕಾರರ ತಾಯಿ ಇದ್ದರೆಂಬುದು ಅವರ ಕಾಮೆಂಟಿನಿಂದ ಖಾತ್ರಿಯಾಯಿತು.

ಮಾತಾಡಲು ಒಪ್ಪಿಕೊಳ್ಳುವ ತಮ್ಮ ಔದಾರ್ಯಕ್ಕೂ ಪ್ರಣಾಮಗಳು. ‘ಮುಂದಿನ ತಿಂಗಳು ನಾನೇ ಮಾತಾಡ್ತೀನಿ ಸರ್, ಕುಬರ್ನೆಟೀಸ್ ಮೇಲೆ’ ಎಂದು ಮೆಟ್ಟಿಲ ಮೇಲೆ ಭಾಷೆ ಕೊಡುತ್ತೀರಿ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ‘ಮ್ಯಾನೇಜರ್ ಅಪ್ರೂವಲ್ ಸಿಗ್ಲಿಲ್ಲ’ ಎಂದು ಬರುತ್ತದೆ. ಆ ಖಾಲಿ ಜಾಗಕ್ಕೆ ಯಾವಾಗಲೂ ಸಿದ್ಧವಾಗಿ ಒಬ್ಬರು ಇರುತ್ತಾರೆ: ಮಾರಾಟ ವಿಭಾಗದ ಮಹನೀಯರು. ‘ನಮ್ಮ ಪ್ರಾಡಕ್ಟ್ ಬಗ್ಗೆ ಒಂದೇ ಸ್ಲೈಡ್ ಸರ್, ಮಿಕ್ಕಿದ್ದೆಲ್ಲ ಟೆಕ್ನಿಕಲ್’ ಎನ್ನುತ್ತಾರೆ. ಸಭೆಯಲ್ಲಿ ನೋಡಿದರೆ ಟೆಕ್ನಿಕಲ್ ಇರುವುದು ಒಂದೇ ಸ್ಲೈಡು. ಕಡೆಯಲ್ಲಿ ‘ವಿ ಆರ್ ಹೈರಿಂಗ್’ ಎಂಬುದು ಬಂದಾಗ, ಅಲ್ಲಿಯವರೆಗೆ ತೂಕಡಿಸುತ್ತಿದ್ದ ತಾವು ಕ್ಯಾಮೆರಾದ ಸ್ಟಿಕ್ಕರ್ ಕಿತ್ತು ಫೋಟೋ ತೆಗೆದುಕೊಳ್ಳುವ ಚುರುಕು ನೋಡಿ ನನಗೆ ಕಣ್ಣು ತುಂಬಿ ಬರುತ್ತದೆ.

ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ತಾವು ನಡುರಾತ್ರಿ ಪ್ರತ್ಯಕ್ಷರಾಗುತ್ತೀರಿ. ಓರೆಯಾಗಿ ತೆಗೆದ ಮಾನಿಟರಿನ ಫೋಟೋ, ಅದರ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ, ಕೆಳಗೆ ‘ಅರ್ಜೆಂಟ್, ಪ್ರೊಡಕ್ಷನ್ ಡೌನ್’. ಎಲ್ಲಿಯೋ ಒಬ್ಬರು ನಿದ್ದೆಗೆಟ್ಟು ಲಾಗ್ ಕೇಳುತ್ತಾರೆ, ಇನ್ನೊಬ್ಬರು ಡಿಸ್ಕ್ ನೋಡಿ ಎನ್ನುತ್ತಾರೆ, ಮೂರನೆಯವರು ಡಿಎನ್‌ಎಸ್ಸೇ ಇರಬೇಕು ಎಂದು ಪಣ ಕಟ್ಟುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ತಮ್ಮ ಒಂದೇ ಸಾಲು: ‘ಸಾಲ್ವ್ ಆಯ್ತು, ಥ್ಯಾಂಕ್ಸ್ ಆಲ್.’ ಹೇಗೆ ಸಾಲ್ವ್ ಆಯಿತು? ಅದು ದೇವರಹಸ್ಯ. ಆರು ತಿಂಗಳಾದ ಮೇಲೆ ಅದೇ ತಪ್ಪು ಬೇರೊಬ್ಬರಿಗೆ ಬಂದು, ಗುಂಪಿನಲ್ಲಿ ಹುಡುಕಿ, ತಮ್ಮ ಆ ಸಾಲಿಗೆ ಬಂದು ತಲುಪಿ ತಲೆ ಚಚ್ಚಿಕೊಳ್ಳುವಾಗ ತಮ್ಮ ಸ್ಮರಣೆ ಎಲ್ಲರ ನಾಲಿಗೆಯ ಮೇಲೂ ಇರುತ್ತದೆ. ಯಾವ ಶಬ್ದಗಳಲ್ಲಿ ಎಂದು ಇಲ್ಲಿ ಬರೆಯಲಾರೆ.

ಕೂಟದ ಹೆಸರು ಹಳತಾಯಿತು, ಬದಲಿಸಿ ಎಂಬ ತಮ್ಮ ಸಲಹೆ ಬಂದು ತಲುಪಿದೆ. ಹಿಂದೆ ಡೆವ್‌ಆಪ್ಸ್ ಎಂದು ಇಡಿ ಎಂದಿದ್ದಿರಿ, ಆಮೇಲೆ ಎಸ್‌ಆರ್‌ಇ ಎಂದಿರಿ, ಈಗ ಪ್ಲಾಟ್‌ಫಾರ್ಮ್ ಎಂಜಿನಿಯರಿಂಗ್ ಎನ್ನುತ್ತಿದ್ದೀರಿ. ಡಿಸ್ಕ್ ತುಂಬುವುದೂ ಸರ್ಟಿಫಿಕೇಟಿನ ಅವಧಿ ಮುಗಿಯುವುದೂ ಹೆಸರು ನೋಡಿಕೊಂಡಲ್ಲವಾದ್ದರಿಂದ ಸದ್ಯಕ್ಕೆ ಹಳೆಯ ಬ್ಯಾನರನ್ನೇ ಇಟ್ಟುಕೊಂಡಿದ್ದೇನೆ. ಬ್ಯಾನರ್ ಮಾಡಿಸಿದ ದುಡ್ಡು ನನ್ನದು.

ತಮ್ಮಲ್ಲೇ ಹಿರಿಯ ಶ್ರೇಣಿಯವರಿಗೆ ಪ್ರತ್ಯೇಕ ದೀರ್ಘದಂಡ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆದ ಸಮ್ಮೇಳನದ ಟೀ ಶರ್ಟುಗಳನ್ನು ತಾವು ಇನ್ನೂ ಜತನವಾಗಿ ಇಟ್ಟಿದ್ದೀರಿ. ‘ಅದು ಕಮ್ಯುನಿಟಿ ಅಂದ್ರೆ. ಈಗೇನಿದೆ ಮಣ್ಣು’ ಎಂದು ಮನೆಯ ಸೋಫಾದಿಂದ ಕೊಡುವ ಅಪ್ಪಣೆ ನನಗೆ ವರ್ಷಕ್ಕೆರಡು ಸಲವಾದರೂ ತಲುಪುತ್ತದೆ. ಅಮೆರಿಕದ ಯೂಸ್‌ನಿಕ್ಸ್ ಸಂಸ್ಥೆ 1980ರ ದಶಕದಿಂದ ನಡೆಸುತ್ತಿದ್ದ ಲೀಸಾ ಸಮ್ಮೇಳನ 2021ರಲ್ಲಿ ಕೊನೆಯ ಸಲ ನಡೆದು ನಿಂತಾಗಲೂ ತಾವು ಮರುಗಿದಿರಿ. ಲೀಸಾ ಶುರುವಾದ ಕಾಲಕ್ಕೆ ನೂರು ಬಳಕೆದಾರರೋ, ನೂರು ಯಂತ್ರಗಳೋ, ಒಂದು ಜಿಬಿ ಡಿಸ್ಕೋ ಮೀರಿದರೆ ಅದನ್ನು ‘ದೊಡ್ಡ ಸ್ಥಾಪನೆ’ ಎಂದು ಲೆಕ್ಕ ಹಾಕುತ್ತಿದ್ದರಂತೆ. ತಾವು ಕಳಿಸಿದ ಸಂತಾಪದ ವಿಡಿಯೋಗಳೇ ನನ್ನ ಫೋನಿನಲ್ಲಿ ಅದಕ್ಕಿಂತ ಹೆಚ್ಚು ಜಾಗ ಹಿಡಿದಿವೆ. ನಿಂತುಹೋದ ಕೂಟಗಳ ಮೇಲೆ ತಮಗಿರುವ ಈ ಪ್ರೀತಿಯಲ್ಲಿ ಕಾಲುಭಾಗ ನಡೆಯುತ್ತಿರುವ ಒಂದರ ಮೇಲೆ ಬಿದ್ದರೆ ನಾನು ಧನ್ಯ.

ಇಷ್ಟೆಲ್ಲ ಹೇಳಿದ್ದು ಒಂದು ಸಂದೇಹ ನಿವೇದಿಸಿಕೊಳ್ಳಲು. ಷಿಕಾಗೊದ ಟೆಡ್ ಕೆಕಾಟೋಸ್ ಎಂಬ ಅಡ್ಮಿನ್, ಹೊಸ ಪ್ರಿಂಟರ್ ಹಾಕಿಕೊಟ್ಟವರಿಗೆ ಕಚೇರಿಯವರೆಲ್ಲ ಹೂವು-ಹಣ್ಣು ಕೊಡುವ ಜಾಹೀರಾತೊಂದನ್ನು ನೋಡಿ, 2000ದಲ್ಲಿ ಆ ಕೃತಜ್ಞತಾ ದಿನವನ್ನು ಶುರುಮಾಡಿದರು. ಪ್ರತಿ ಜುಲೈ ಕೊನೆಯ ಶುಕ್ರವಾರ. ಆವತ್ತು ತಾವು ತಪ್ಪದೆ ನನಗೆ ಫೋನ್ ಮಾಡಿ ಸಂಕಟ ತೋಡಿಕೊಳ್ಳುತ್ತೀರಿ. ‘ಮುನ್ನೂರ ಅರವತ್ತನಾಲ್ಕು ದಿನ ಸರ್ವರ್ ನಡೀತು, ಒಬ್ಬರೂ ಕೇಳ್ಲಿಲ್ಲ ಸರ್. ಒಂದ್ ದಿನ ಬಿತ್ತು ನೋಡಿ, ಇಡೀ ಫ್ಲೋರ್ ನನ್ನ ಸೀಟ್ ಹತ್ರ.’ ನಿಜ, ನಿಜ ಎಂದು ನಾನೂ ಹೂಂಗುಟ್ಟುತ್ತೇನೆ. ನನ್ನ ತಂದೆಯವರಿಗೆ ಕಣ್ಣಿನ ಆಪರೇಷನ್ ಇದ್ದ ಒಂದು ತಿಂಗಳು ನಾನು ಕೂಟ ಸೇರಿಸಲಿಲ್ಲ. ಎರಡನೇ ವಾರಕ್ಕೆ ಶುರುವಾಯಿತು. ‘ಏನ್ ಸರ್, ಈ ತಿಂಗಳು ಇಲ್ವಾ?’ ‘ನಿಲ್ಸಿಬಿಟ್ರಾ?’ ‘ಮೊದ್ಲೇ ಹೇಳ್ಬೇಕಲ್ವಾ ಸರ್.’ ಒಮ್ಮೆಯೂ ಕಾಲಿಡದವರಿಂದಲೇ ಹೆಚ್ಚು. ತಾವಂತೂ ‘ರೆಗ್ಯುಲಾರಿಟಿ ಮುಖ್ಯ ಸರ್, ಇಲ್ದಿದ್ರೆ ಜನ ಬರಲ್ಲ’ ಎಂದು ಎರಡು ಪ್ಯಾರಾ ಬರೆದಿರಿ. ಓದಿದಾಗ, ತಾವು ಜುಲೈ ಕೊನೆಯ ಶುಕ್ರವಾರ ಬೈದುಕೊಳ್ಳುವ ಆ ಬಳಕೆದಾರರ ದನಿ ಎಲ್ಲೋ ಕೇಳಿದಂತಾಯಿತು. ಕಿವಿ ತಪಾಸಣೆ ಮಾಡಿಸಿಕೊಳ್ಳಲೋ ಎಂದು ಯೋಚಿಸುತ್ತಿದ್ದೇನೆ.

ಈ ಭಾಗ್ಯವನ್ನು ಒಬ್ಬನೇ ಅನುಭವಿಸುವುದು ಸ್ವಾರ್ಥವಾಗುತ್ತದೆಂದು, ಯಾರಾದರೂ ಕೈಜೋಡಿಸಿ ಎಂದು ಪ್ರತಿ ಕೂಟದ ಕೊನೆಯಲ್ಲೂ ಕೇಳಿದ್ದೇನೆ. ತಮ್ಮ ಕಂಪನಿಗಳಲ್ಲಿ ‘ಬಸ್ ಫ್ಯಾಕ್ಟರ್’ ಎಂದು ಚರ್ಚೆ ಮಾಡುತ್ತೀರಲ್ಲ, ಎಷ್ಟು ಜನ ಬಸ್ಸಿನಡಿ ಬಿದ್ದರೆ ಕೆಲಸ ನಿಲ್ಲುತ್ತದೆ ಎಂಬ ಲೆಕ್ಕ. ನಮ್ಮ ಕೂಟದ್ದು ಒಂದು. ಹಾಗಂತ ಹೇಳಿದಾಗ ತಾವು, ‘ನೀವು ಬಸ್ಸಲ್ಲಿ ಓಡಾಡ್ಬೇಡಿ ಸರ್, ಮೆಟ್ರೋಲಿ ಬನ್ನಿ’ ಎಂದು ಕಾಳಜಿ ತೋರಿದಿರಿ. ಮಧ್ಯೆ ಒಮ್ಮೆ ಒಬ್ಬ ಯುವಕ ತಾನಾಗಿಯೇ ಮುಂದೆ ಬಂದ. ಕುರ್ಚಿ ಜೋಡಿಸಿದ, ಪಟ್ಟಿ ಮಾಡಿದ, ಕಾಫಿಯ ಲೆಕ್ಕ ಬರೆದ. ಬೇರೆ ಕಾಲವಾಗಿದ್ದರೆ ತಬ್ಬಿಕೊಳ್ಳುತ್ತಿದ್ದೆ. ಆದರೆ ಅದು 2024ರ ಏಪ್ರಿಲ್. ಅದರ ಹಿಂದಿನ ತಿಂಗಳ 29ರಂದು ತಾನೇ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದೊಳಗಿನ ಕಳ್ಳಬಾಗಿಲು ಹೊರಬಿದ್ದದ್ದು. ಅದನ್ನು ಒಬ್ಬರೇ ನೋಡಿಕೊಂಡು ದಣಿದಿದ್ದವರ ಹತ್ತಿರ ಯಾರೋ ಸಹಾಯಕರಾಗಿ ಬಂದು, ವರ್ಷಗಟ್ಟಲೆ ವಿಶ್ವಾಸ ಗಳಿಸಿ, ಬೀಗದ ಕೈ ಪಡೆದು, ಒಳಗೆ ವಿಷ ಇಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ತನ್ನ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎನಿಸಿ ಕೆದಕದಿದ್ದರೆ ಅದು ಜಗತ್ತಿನ ಎಷ್ಟೋ ಸರ್ವರುಗಳಿಗೆ ಹರಡಬಹುದಿತ್ತು. ಪಾಪ, ನಮ್ಮ ಹುಡುಗ ಕುರ್ಚಿ ಎತ್ತಿಡುವಾಗಲೆಲ್ಲ ತಾವು ನನ್ನ ಕಿವಿಯಲ್ಲಿ, ‘ಹುಷಾರು ಸರ್, ಇಷ್ಟೊಂದು ಹೆಲ್ಪ್ ಯಾಕ್ ಮಾಡ್ತಿದಾನೆ?’ ಎಂದು ಪಿಸುಗುಟ್ಟುತ್ತಿದ್ದಿರಿ. ಆಮೇಲೆ ಅವನು ಪುಣೆಗೆ ಹೋದ. ಅಲ್ಲಿ ಯಾವುದೋ ಕೂಟ ಅವನನ್ನು ಅನುಮಾನಿಸದೆ ಒಪ್ಪಿಕೊಂಡಿದೆಯಂತೆ. ಕುರ್ಚಿ ಎತ್ತಿಡಲು ಈಗ ಮತ್ತೆ ನಾನೇ, ಸಂಶಯಾತೀತ.

ಮುಂದಿನ ಕೂಟ ಈ ಬರುವ ಶನಿವಾರ. ವಿಷಯ, ಬ್ಯಾಕಪ್‌ನಿಂದ ಡೇಟಾ ಮರಳಿ ತರುವುದು. ಸ್ಲೈಡಿಲ್ಲ, ಎಲ್ಲರೆದುರಿಗೇ ಮಾಡಿ ತೋರಿಸುವುದು. ತುಮಕೂರಿನ ಆ ಹುಡುಗಿಯೇ ನಡೆಸಿಕೊಡುತ್ತಾಳೆ. ಕ್ಯಾಮೆರಾ ಇರುವುದಿಲ್ಲ. ಬರುವುದಾದರೆ ಆಧಾರ್ ಕಾರ್ಡಿನಲ್ಲಿರುವ ಹೆಸರಿನಿಂದಲೇ ಒತ್ತಬೇಕೆಂದು ಸೆಕ್ಯುರಿಟಿಯಣ್ಣ ಹೇಳಿಕಳಿಸಿದ್ದಾರೆ. ಬರುವುದಿಲ್ಲವಾದರೆ, ಒತ್ತಿದ ಅದೇ ಹೆಬ್ಬೆರಳಿನಿಂದ ಒತ್ತಿದ್ದನ್ನು ಬಿಡಿಸುವ ಗುಂಡಿಯೂ ಪಕ್ಕದಲ್ಲೇ ಇದೆ. ಇಷ್ಟು ವರ್ಷ ಅದು ತಮ್ಮ ದಿವ್ಯದೃಷ್ಟಿಗೆ ಬೀಳದ ಹಾಗೆ ಮೂಲೆಯಲ್ಲಿ ಕೂತದ್ದಕ್ಕೆ ಅದರ ಪರವಾಗಿ ಕ್ಷಮೆ ಕೋರುತ್ತೇನೆ. ಪೀಣ್ಯದ ಹುಡುಗನಿಗೆ ಶುಕ್ರವಾರ ಸಂಜೆ ಏಳರವರೆಗೆ ಕಾಯಲು ಹೇಳಿದ್ದೇನೆ.

ಇತಿ ತಮ್ಮ ಚರಣಸೇವಕ,
ಸಂಚಾಲಕ, ಖಜಾಂಚಿ, ಪ್ರೊಜೆಕ್ಟರ್ ಆಪರೇಟರ್ ಹಾಗೂ ಗೇಟ್ ಪ್ರತಿನಿಧಿ

ತಾ.ಕ.: ಕಳೆದ ಕೂಟದಲ್ಲಿ ತಾವು ‘ಎರಡೇ ನಿಮಿಷ ಸರ್’ ಎಂದು ಪಡೆದ ಎಚ್‌ಡಿಎಂಐ ಡಾಂಗಲ್ ಅಂದಿನಿಂದ ತಮ್ಮ ಬ್ಯಾಗಿನಲ್ಲೇ ವಿಶ್ರಾಂತಿ ಪಡೆಯುತ್ತಿದೆ. ಅದು ಕೂಟದ್ದಲ್ಲ, ನನ್ನ ಮಗಳದ್ದು. ಮೇಲೆ ಗುಲಾಬಿ ಬಣ್ಣದ ಆನೆಯ ಸ್ಟಿಕ್ಕರ್ ಇದೆ, ಗುರುತು ಸುಲಭ. ಮುಂದಿನ ಸೋಮವಾರ ಅವಳಿಗೆ ಕಾಲೇಜಿನಲ್ಲಿ ಪ್ರೆಸೆಂಟೇಷನ್. ತಾವು ಬರದಿದ್ದರೂ ಚಿಂತೆಯಿಲ್ಲ, ಅದನ್ನು ಕಳಿಸಿಕೊಡಿ. ಕೊರಿಯರ್ ಖರ್ಚು ನಾನೇ ಕೊಡುತ್ತೇನೆ.